ಮಿನಿವ್ಯಾನ್ ಎದುರು ಜಾಗ್ವಾರ್ ಇ-ಟೈಪ್ ಸೋಲುತ್ತಾ?

[ದೃಶ್ಯ: ಎಡಗಡೆ ಜಾಗ್ವಾರ್ ಇ-ಟೈಪ್, ಬಲಗಡೆ ಹೋಂಡಾ ಒಡಿಸ್ಸಿ]

ನಮಸ್ಕಾರ. ಎಡಗಡೆ ಇರುವುದು 1961ರಲ್ಲಿ ಜಿನೀವಾದಲ್ಲಿ ಜನರ ಕಣ್ಣಿಗೆ ಬಿದ್ದ ಬ್ರಿಟಿಷ್ ಸ್ಪೋರ್ಟ್ಸ್ ಕಾರು. ಬಲಗಡೆ ಇರುವುದು ಅಮೆರಿಕದಲ್ಲಿ ಮಕ್ಕಳನ್ನು ಸ್ಕೂಲಿಗೆ ಬಿಡುವ ಮಿನಿವ್ಯಾನ್. ಅಲ್ಲಿ ನೆಲೆಸಿದ ನಮ್ಮವರ ಎಷ್ಟೋ ಮನೆಗಳ ಮುಂದೆ ಇದೋ, ಟೊಯೋಟಾ ಸಿಯೆನ್ನಾನೋ ನಿಂತಿರುತ್ತದೆ. ಊರಿಂದ ಅಪ್ಪ ಅಮ್ಮ ಬಂದರೆ ಎಲ್ಲರೂ ಕೂರಬೇಕಲ್ಲ!

ಎರಡೂ ಕಾರುಗಳನ್ನು ಒಂದೇ ಗೆರೆಯಲ್ಲಿ ನಿಲ್ಲಿಸಿ ಓಡಿಸಿದರೆ? ಗಂಟೆಗೆ 96 ಕಿಲೋಮೀಟರ್ ಮುಟ್ಟಲು ಜಾಗ್ವಾರ್‌ಗೆ ಹೆಚ್ಚುಕಡಿಮೆ 7 ಸೆಕೆಂಡ್ ಬೇಕು. ಈಗಿನ ಒಡಿಸ್ಸಿಗೆ ಆರೂವರೆಯ ಆಸುಪಾಸು ಸಾಕು. ಅದೂ ಎಂಟು ಸೀಟು, ಎರಡು ಟನ್ ತೂಕ ಹೊತ್ತುಕೊಂಡು!

[ದೃಶ್ಯ: ಪರದೆಯ ಮೇಲೆ 265 ಮತ್ತು 280]

ಲೆಕ್ಕ ಹಾಕಿದರೆ ಹೀಗಾಗಬಾರದು. ಜಾಗ್ವಾರ್ 265 ಎಚ್‌ಪಿ, ತೂಕ ಸುಮಾರು 1.2 ಟನ್. ಹೋಂಡಾ 280 ಎಚ್‌ಪಿ. ಆದರೆ ಈ 265ನ್ನು ಪೂರ್ತಿ ನಂಬಬೇಡಿ. ಅದು ಗ್ರಾಸ್ ಲೆಕ್ಕ. ಫ್ಯಾನು, ಡೈನಮೊ, ಸೈಲೆನ್ಸರ್ ಇವುಗಳ ಹೊರೆ ಇಲ್ಲದೆ, ಇಂಜಿನ್ನನ್ನು ಹೊರಗಿಟ್ಟು ಅಳೆದದ್ದು. ಹೋಂಡಾದ 280 ಎಲ್ಲ ಹೊರೆ ಹೊರಿಸಿ ಅಳೆದದ್ದು.

ಇನ್ನೊಂದು, ಗೇರು. ಜಾಗ್ವಾರ್‌ಗೆ ನಾಲ್ಕೇ. ನಿಂತಲ್ಲಿಂದ 240 ಕಿಲೋಮೀಟರ್ ವೇಗದವರೆಗೂ ಆ ನಾಲ್ಕರಲ್ಲೇ ಏಗಬೇಕು. ಒಡಿಸ್ಸಿಯ ಆಟೋಮ್ಯಾಟಿಕ್‌ನಲ್ಲಿ ಹತ್ತು ಗೇರು. ಇಂಜಿನ್ ಎಲ್ಲಿ ಚೆನ್ನಾಗಿ ಎಳೆಯುತ್ತದೋ ಅಲ್ಲೇ ಇರಿಸುತ್ತದೆ. ನೀವು ಸುಮ್ನೆ ಒತ್ತಿದರಾಯಿತು. ಟೈರು, ಎಬಿಎಸ್, ಏರ್‌ಬ್ಯಾಗ್ ಇವುಗಳಲ್ಲಂತೂ ಹೋಲಿಕೆಯೇ ಇಲ್ಲ, ಬಿಡಿ. ಟಾಪ್ ಸ್ಪೀಡ್‌ನಲ್ಲಿ ಮಾತ್ರ ಒಡಿಸ್ಸಿ ಜಾಗ್ವಾರ್ ಹತ್ತಿರಕ್ಕೂ ಬರುವುದಿಲ್ಲ.

[ದೃಶ್ಯ: ಇ-ಟೈಪ್ ಡ್ಯಾಶ್‌ಬೋರ್ಡ್, ಹತ್ತಿರದಿಂದ]

ಈಗ ಒಳಗೆ ಕೂರೋಣ. ಚಳಿಯ ಬೆಳಗ್ಗೆ. ಮೊದಲು ಚೋಕ್ ಎಳೆಯಿರಿ. ಕೀ ತಿರುಗಿಸಿದರೆ ಇಂಜಿನ್ ಶುರುವಾಗುವುದಿಲ್ಲ, ಕರೆಂಟ್ ಮಾತ್ರ ಬರುತ್ತದೆ. ಪೆಟ್ರೋಲ್ ಪಂಪ್ ಓಡತೊಡಗುತ್ತದೆ. ಆಮೇಲೆ ಸ್ಟಾರ್ಟರ್ ಬಟನ್ ಒತ್ತಬೇಕು. ಪೆಟ್ರೋಲಿಗೆ ಗಾಳಿ ಬೆರೆಸುವ ಮೂರು ಕಾರ್ಬ್ಯುರೇಟರ್ ಒಟ್ಟಿಗೆ ಉಸಿರೆಳೆಯುತ್ತವೆ. ಫಸ್ಟ್ ಗೇರಿಗೆ ಸಿಂಕ್ರೊ, ಅಂದರೆ ಗೇರು ಸಲೀಸಾಗಿ ಕೂರಲು ನೆರವಾಗುವ ಭಾಗ, ಇಲ್ಲ; ಗಾಡಿ ಉರುಳುತ್ತಿರುವಾಗ ಅವಸರದಲ್ಲಿ ಹಾಕಿದರೆ ಕರ್ ಎಂದು ಬೈಯುತ್ತದೆ. ಪವರ್ ಸ್ಟಿಯರಿಂಗೂ ಇಲ್ಲ. ಮುಂದಿನ ಗಾಜು ಎಷ್ಟು ಗಿಡ್ಡ, ಎಷ್ಟು ಅಗಲ ಅಂದರೆ ಒರೆಸಲು ಮೂರು ವೈಪರ್ ಬೇಕಾಗಿವೆ!

ಅದಕ್ಕೇ ನನ್ನ ಪ್ರಕಾರ ಸೆಕೆಂಡ್ ಎಣಿಸುವುದರಲ್ಲಿ ಜಾಸ್ತಿ ಅರ್ಥವಿಲ್ಲ. ಒಡಿಸ್ಸಿ ನೂರು ದಾಟಿದರೂ ಹಿಂದೆ ಮಲಗಿದ ಮಗು ಏಳುವುದಿಲ್ಲ. ಜಾಗ್ವಾರ್‌ನಲ್ಲಿ ಅರವತ್ತಕ್ಕೇ ಕೈಗೂ ಕಾಲಿಗೂ ಕಿವಿಗೂ ಕೆಲಸ.

[ದೃಶ್ಯ: ಉದ್ದನೆಯ ಇ-ಟೈಪ್, ಹಿಂದಿನ ಸೀಟು]

ಆದರೆ ಜಾಗ್ವಾರ್ ಕೊಳ್ಳುವವರಿಗೂ ಮಕ್ಕಳಿದ್ದರಲ್ಲ. 1966ರಲ್ಲಿ ಕಂಪನಿ ಇ-ಟೈಪನ್ನು 9 ಇಂಚು ಉದ್ದ ಮಾಡಿ, ಚಾವಣಿ ಎತ್ತರಿಸಿ, ಹಿಂದೆ ಎರಡು ಪುಟ್ಟ ಸೀಟು ಇಟ್ಟು 2+2 ಮಾಡೆಲ್ ತಂದಿತು. ಹಳೇ ಕಾರಿನ ಹುಚ್ಚಿರುವವರಲ್ಲಿ ಹಲವರು ಇದನ್ನು ಕಂಡರೆ ಇವತ್ತಿಗೂ ಮೂಗು ಮುರಿಯುತ್ತಾರೆ. ಬೇಕಾದವರಿಗೆ ಅದರಲ್ಲಿ ಆಟೋಮ್ಯಾಟಿಕ್ ಗೇರೂ ಸಿಗುತ್ತಿತ್ತು.