ಹಳೇ ಕಂಪ್ಯೂಟರಿಗೂ ಗವಾಕ್ಷಿ ಬೇಕು

ಕೇಳುಗರಿಗೆ ನಮಸ್ಕಾರ.

ನಿಮ್ಮಲ್ಲಿ ಒಬ್ಬಿಬ್ಬರ ಮನೆಯ ಅಟ್ಟದ ಮೇಲಾದರೂ ಒಂದು ಹಳೇ ಕಂಪ್ಯೂಟರ್ ಇದ್ದೀತು. ಕೀಬೋರ್ಡಿನ ಒಳಗೇ ಇಡೀ ಯಂತ್ರ, ಟೀವಿಗೆ ಸಿಕ್ಕಿಸಿದರೆ ಆಟ ಶುರು. ಅಂಥದ್ದರಲ್ಲಿ ನನಗೆ ತುಂಬಾ ಪ್ರೀತಿಯದು ಅಮಿಗಾ 1200. ಕೊಮೊಡೋರ್ ಕಂಪನಿ ಇದನ್ನು 1992ರಲ್ಲಿ ಮಾರುಕಟ್ಟೆಗೆ ತಂದಿತು. 1994ರಲ್ಲಿ ಕಂಪನಿಯೇ ದಿವಾಳಿಯಾಯಿತು. ಯಂತ್ರ ಮಾತ್ರ ಇನ್ನೂ ಗಟ್ಟಿಯಾಗಿದೆ. ಯುರೋಪಿನಲ್ಲಿ ಇವತ್ತಿಗೂ ಇದರ ವೇಗ ಹೆಚ್ಚಿಸುವ ಹೊಸ ಕಾರ್ಡುಗಳನ್ನು ಮಾಡುತ್ತಾರೆ.

ಈ ಕಾರ್ಡಿಗೆ ಆಕ್ಸಲರೇಟರ್ ಎಂದು ಹೆಸರು. ಅಮಿಗಾ 1200ರ ಹೊಟ್ಟೆಯ ಕೆಳಗೆ ಒಂದು ಪುಟ್ಟ ಬಾಗಿಲು ಇದೆ. ಅದನ್ನು ತೆಗೆದು ಕಾರ್ಡನ್ನು ಒಳಗೆ ತಳ್ಳಿದರೆ ಆಯಿತು. ಯಂತ್ರದ ಮಿದುಳಿನಂತಿರುವ ಮೂಲ ಚಿಪ್ಪು ಮೋಟೊರೋಲಾ ಕಂಪನಿಯದ್ದು, 14 ಮೆಗಾಹರ್ಟ್ಸ್ ವೇಗ. ಕಾರ್ಡ್ ಹಾಕಿದರೆ ಅದು ಸುಮ್ಮನೆ ಕೂರುತ್ತದೆ, ಕಾರ್ಡಿನ ಮೇಲಿರುವ ದೊಡ್ಡ ಚಿಪ್ಪು ಕೆಲಸ ಮಾಡುತ್ತದೆ. ಜೊತೆಗೆ ಬೇರೆ ಮೆಮೊರಿಯೂ ಸಿಗುತ್ತದೆ. ಅಮಿಗಾದ ಸ್ವಂತ 2 ಎಂಬಿ ಮೆಮೊರಿಯನ್ನು ಚಿತ್ರದ ಚಿಪ್ಪು, ಸದ್ದಿನ ಚಿಪ್ಪು ಎಲ್ಲ ಹಂಚಿಕೊಳ್ಳುತ್ತವೆ. ಒಂದೇ ನಲ್ಲಿಗೆ ನಾಲ್ಕು ಮನೆಯವರು ಕೊಡ ಹಿಡಿದು ನಿಂತ ಹಾಗೆ. ಕಾರ್ಡಿನ ಮೆಮೊರಿ ಎಂದರೆ ಚಿಪ್ಪಿನ ಮನೆಯೊಳಗೇ ಬಂದ ನಲ್ಲಿ.

ಎಲ್ಲರೂ ನನ್ನನ್ನು ಕೇಳುವುದು ಒಂದೇ ಪ್ರಶ್ನೆ. "ಸಾರ್, ಯಾವ ಕಾರ್ಡ್ ಜಾಸ್ತಿ ಸ್ಪೀಡು?" ದಯವಿಟ್ಟು ಅದನ್ನು ಆಮೇಲೆ ಕೇಳಿ. ಮೊದಲು ಕೇಳಬೇಕಾದದ್ದು, ಬಿಸಿ ಗಾಳಿ ಎಲ್ಲಿಂದ ಹೊರಗೆ ಹೋಗುತ್ತದೆ? ಗಾಳಿ ಬರಲು ಒಂದು ದಾರಿ, ಹೋಗಲು ಒಂದು ದಾರಿ. ಇವತ್ತು ಇಷ್ಟು ನೆನಪಿಟ್ಟರೆ ಸಾಕು, ಉಳಿದದ್ದನ್ನು ಮರೆತರೂ ಬೇಜಾರಿಲ್ಲ.

ಇದನ್ನು ನನಗೆ ಕಲಿಸಿದ್ದು ನಮ್ಮ ಅತ್ತೆ.

ಕೆಲಸದ ಮೇಲೆ ಕೆಲವು ವರ್ಷ ಇಂಗ್ಲೆಂಡಿನ ಲೆಸ್ಟರಿನಲ್ಲಿದ್ದೆ. ಅಲ್ಲಿ ಭಾನುವಾರದ ಹಳೇ ಸಾಮಾನಿನ ಸಂತೆಯಲ್ಲಿ ಒಂದು ಅಮಿಗಾ 1200 ಸಿಕ್ಕಿತು. ಹುಡುಕಿ ಹುಡುಕಿ 68040 ಚಿಪ್ಪಿನ ಕಾರ್ಡನ್ನೂ ತಂದೆ. ವೇಗ ಹತ್ತು ಪಟ್ಟಿಗಿಂತ ಜಾಸ್ತಿ! ಜನವರಿ ಚಳಿ, ಕೋಣೆಯಲ್ಲಿ 16 ಡಿಗ್ರಿ. ದಿನವಿಡೀ ಓಡಿಸಿದರೂ ಒಮ್ಮೆಯೂ ನಿಲ್ಲಲಿಲ್ಲ. ನನ್ನ ಕೈಚಳಕದ ಬಗ್ಗೆ ನನಗೇ ಭಾರಿ ಹೆಮ್ಮೆ.

ಊರಿಗೆ ಬರುವಾಗ ಹೊತ್ತು ತಂದೆ. ಏಪ್ರಿಲ್ ತಿಂಗಳು, ಹೆಂಡತಿಯ ತವರು ಬಳ್ಳಾರಿ. ಬಳ್ಳಾರಿಯ ಬಿಸಿಲಿನ ಬಗ್ಗೆ ನಾನೇನು ಹೇಳಲಿ. ಮಂಚದ ಮೇಲೆ ಕೌದಿ, ಕೌದಿಯ ಮೇಲೆ ಅಮಿಗಾ. ಸ್ವಿಚ್ ಹಾಕಿದೆ. ಇಪ್ಪತ್ತು ನಿಮಿಷ ಚೆನ್ನಾಗಿ ಓಡಿತು. ಆಮೇಲೆ ನಿಂತುಹೋಯಿತು, ಪರದೆಯ ಮೇಲೆ ಮಿನುಗುವ ಕೆಂಪು ಚೌಕ! ಹಳೇ ಅಮಿಗಾಗಳಲ್ಲಿ ಈ ಚೌಕಕ್ಕೆ 'ಗುರು ಮೆಡಿಟೇಷನ್' ಎಂದು ಹೆಸರಿತ್ತು. ಗುರುಗಳು ಧ್ಯಾನಕ್ಕೆ ಕೂತರೆ ಶಿಷ್ಯ ಏನು ಮಾಡಬೇಕು? ಆರಿಸಿ ಕಾಯಬೇಕು. ಕಾದೆ, ಮತ್ತೆ ಹಾಕಿದೆ. ಈ ಸಲ ಹತ್ತೇ ನಿಮಿಷ.

ಮೂರು ದಿನ ಒದ್ದಾಡಿದೆ. ಮೆಮೊರಿ ಕಿತ್ತು ಹಾಕಿದೆ. ಕಾರ್ಡಿನ ಪಿನ್ನುಗಳನ್ನು ಸ್ಪಿರಿಟ್ ಹಾಕಿ ಒರೆಸಿದೆ. ಡಿಸ್ಕಿನಲ್ಲಿದ್ದದ್ದನ್ನೆಲ್ಲ ಅಳಿಸಿ ಹೊಸದಾಗಿ ತುಂಬಿದೆ. ಇಂಜಿನಿಯರ್ ಅಲ್ವಾ, ಕಷ್ಟದ ಕಾರಣವನ್ನೇ ಹುಡುಕುತ್ತಿದ್ದೆ. ಮೂರನೇ ದಿನ ಮಧ್ಯಾಹ್ನ ನಮ್ಮ ಅತ್ತೆ ಮಜ್ಜಿಗೆ ತಂದರು. ಲೋಟ ಇಡಲು ಜಾಗ ಇರಲಿಲ್ಲ. ಒಂದು ಕೈಯಲ್ಲಿ ಯಂತ್ರವನ್ನು ಪಕ್ಕಕ್ಕೆ ಸರಿಸಿದವರು ಹೌಹಾರಿದರು. "ಕೆಳಗ ಕೈ ಇಟ್ಟು ನೋಡ್ರಿ, ರೊಟ್ಟಿ ಹಂಚು ಆದಂಗ ಆಗೈತಿ. ಅದಕ್ಕೂ ಶೆಕಿ ಆಗಾಕತ್ತೈತ್ರಿ!"

ಒಳಗೆ ಹೋಗಿ ಹಳೇ ಹವಾಯಿ ಚಪ್ಪಲಿಯೊಂದನ್ನು ತಂದರು. ಈಳಿಗೆಮಣೆಯ ಮೇಲೆ ಅದನ್ನು ನಾಲ್ಕು ತುಂಡು ಮಾಡಿದರು. ಕೌದಿ ತೆಗೆಸಿದರು, ಯಂತ್ರವನ್ನು ಹಲಗೆಯ ಮೇಲೆ ಇಡಿಸಿದರು, ನಾಲ್ಕು ಮೂಲೆಗೆ ನಾಲ್ಕು ತುಂಡು ಕೊಟ್ಟರು. ಟೇಬಲ್ ಫ್ಯಾನ್ ತಿರುಗಿಸಿ ಅದರ ಕಡೆ ಇಟ್ಟರು. ಸಂಜೆ ದೀಪ ಹಚ್ಚುವವರೆಗೂ ಓಡಿತು.

ಆಗಿದ್ದಿಷ್ಟೇ. ಬಿಸಿ ಚಿಪ್ಪು ತನ್ನ ಸುತ್ತಲಿನ ಗಾಳಿಗಿಂತ ಇಂತಿಷ್ಟು ಡಿಗ್ರಿ ಮೇಲೆ ಇರುತ್ತದೆ. ಗಾಳಿ 16 ಇದ್ದದ್ದು 40 ಆದರೆ ಚಿಪ್ಪೂ 24 ಡಿಗ್ರಿ ಮೇಲೇರುತ್ತದೆ. ಅದರ ಮೇಲೆ ಕೌದಿ ಬೇರೆ ಕೆಳಗಿನ ಕಿಂಡಿಗಳನ್ನೆಲ್ಲ ಮುಚ್ಚಿತ್ತು. ಹಳೇ ಮನೆಯ ಅಡುಗೆಕೋಣೆಯಲ್ಲಿ ಗವಾಕ್ಷಿ ಮುಚ್ಚಿ ಸೌದೆ ಒಲೆ ಹಚ್ಚಿದರೆ ಏನಾಗುತ್ತದೆ ಹೇಳಿ? ಅದೇ.

ಅಯ್ಯೋ, ನನಗೆ ಕೊಟ್ಟ ಸಮಯ ಹೆಚ್ಚೂಕಡಿಮೆ ಅತ್ತೆಯ ಕಥೆಗೇ ಹೋಯಿತು. ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ.

ಚಿಪ್ಪಿನ ಮೇಲೆ ಅದರ ಬಿಸಿ ಹೀರಿ ಗಾಳಿಗೆ ಬಿಡುವ ಅಲ್ಯೂಮಿನಿಯಂ ತುಂಡು, ಅಂದರೆ ಹೀಟ್‌ಸಿಂಕ್ ಕೂರಿಸಿ. ನಡುವೆ ಹಚ್ಚುವ ಪೇಸ್ಟ್, ದೋಸೆ ಕಾವಲಿಗೆ ಅರ್ಧ ಈರುಳ್ಳಿಯಲ್ಲಿ ಎಣ್ಣೆ ಸವರುತ್ತೀರಲ್ಲ, ಅಷ್ಟೇ ತೆಳ್ಳಗೆ. ಬೆಣ್ಣೆ ದೋಸೆ ಮಾಡಬೇಡಿ. 40 ಮಿಲಿಮೀಟರಿನ ಪುಟ್ಟ ಫ್ಯಾನ್ ಸಾಕು. ಅದಕ್ಕೆ ಕರೆಂಟು ಫ್ಲಾಪಿ ಡ್ರೈವಿಗೆ ಹೋಗುವ ತಂತಿಯಿಂದ ಸಿಗುತ್ತದೆ, 5 ವೋಲ್ಟೂ ಇದೆ, 12 ವೋಲ್ಟೂ ಇದೆ. 12 ವೋಲ್ಟಿನ ಫ್ಯಾನನ್ನು 5ಕ್ಕೆ ಹಾಕಿದರೆ ತಿರುಗಲು ತಕರಾರು ಮಾಡಬಹುದು, 5 ವೋಲ್ಟಿನದ್ದನ್ನೇ ಕೊಳ್ಳಿ. ಕಂಪ್ಯೂಟರಿನ ಜೊತೆ ಬಂದ ಪವರ್ ಸಪ್ಲೈ ಇಷ್ಟೆಲ್ಲ ಹೊರುವುದು ಕಷ್ಟ. ಅಮಿಗಾ 500ರ ಹಳೇ ದಪ್ಪ ಸಪ್ಲೈ ಸಿಕ್ಕರೆ ಬಿಡಬೇಡಿ, 5 ವೋಲ್ಟಿಗೆ 4.5 ಆಂಪಿಯರ್ ಕೊಡುತ್ತದೆ. ಬೋರ್ಡಿನ ಮೇಲೆ ಕರೆಂಟು ಹಿಡಿದಿಡುವ ಸಣ್ಣ ಕೆಪಾಸಿಟರುಗಳು ಇಷ್ಟು ಹೊತ್ತಿಗೆ ಸೋರಿ ತಾಮ್ರವನ್ನು ತಿನ್ನುತ್ತಿರುತ್ತವೆ. ಬೆಸುಗೆ ಬಲ್ಲವರಿಂದ ಮೊದಲು ಅವನ್ನು ಬದಲಾಯಿಸಿ, ಕಾರ್ಡ್ ಆಮೇಲೆ.

ಕೆಳಗಿನ ಪುಟ್ಟ ಬಾಗಿಲನ್ನು ಮಾತ್ರ ಮುಚ್ಚಬೇಡಿ. ಗಾಳಿ ಬರಲು ಒಂದು ದಾರಿ, ಹೋಗಲು ಒಂದು ದಾರಿ. ತೆಗೆದ ಮುಚ್ಚಳವನ್ನು ಬಿಸಾಡಲೂ ಬೇಡಿ, ಒಂದು ಕವರಿನಲ್ಲಿ ಹಾಕಿ ಹೆಸರು ಬರೆದು ಇಡಿ. ನನ್ನದು ಬಳ್ಳಾರಿಯಲ್ಲಿ ಉಪ್ಪಿನಕಾಯಿ ಜಾಡಿಯ ಮೇಲೆ ಮುಚ್ಚಳವಾಗಿ ಕೂತಿದೆ, ಕೇಳಲು ಧೈರ್ಯವಿಲ್ಲ.

ನಮಸ್ಕಾರ.