ರುಚಿಯಾದ ಸೇಬಿನ ಬೀಜ ನೆಟ್ಟರೆ ಅದೇ ಸೇಬು ಬರುತ್ತಾ?

(ಪರದೆಯಲ್ಲಿ: ಅಡ್ಡ ಕೊಯ್ದ ಸೇಬು, ಬೀಜದ ಐದು ಕೋಣೆ)

ನೀವು ತುಂಬಾ ಜನ ಕೇಳಿದ ಪ್ರಶ್ನೆ ಇದು. ಉತ್ತರ ಸಣ್ಣದು: ಬರಲ್ಲ. ಸೇಬಿನ ಹೂವು ಸಾಮಾನ್ಯವಾಗಿ ತನ್ನದೇ ತಳಿಯ ಪರಾಗವನ್ನ ಒಪ್ಪಲ್ಲ. ಬೇರೆ ತಳಿಯ ಪರಾಗ ಬೇಕು, ಬೀಜದಲ್ಲಿ ಎರಡೂ ಬೆರೆಯುತ್ತೆ. ಹಾಗಾಗಿ ಒಂದು ಹಣ್ಣಲ್ಲಿ ಎಂಟು ಬೀಜ ಇದ್ರೆ ಎಂಟೂ ಬೇರೆ ಬೇರೆ ತಳಿ. ಹೆಚ್ಚಿನವು ಹುಳಿ, ಇಲ್ಲ ಒಗರು. ಅಪರೂಪಕ್ಕೊಂದು ಜಾಕ್‌ಪಾಟ್.

ಅಂಥ ಜಾಕ್‌ಪಾಟ್ ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲಿ ಹೊಡೀತು. ಅಲ್ಲಿನ ಕ್ಲೇ ಕೌಂಟಿಯ ಒಂದು ಜಮೀನಲ್ಲಿ ತಾನಾಗೇ ಹುಟ್ಟಿದ ಮರ, ಹಳದಿ ಹಣ್ಣು. 1914ರಲ್ಲಿ ಸ್ಟಾರ್ಕ್ ಬ್ರದರ್ಸ್ ನರ್ಸರಿ ಆ ಒಂದು ಮರಕ್ಕೆ, ಸುತ್ತಲಿನ ಚೂರು ನೆಲಕ್ಕೆ 5,000 ಡಾಲರ್ ಕೊಡ್ತು. ಆಮೇಲೆ? ಮರಕ್ಕೆ ಪಂಜರ ಕಟ್ಟಿಸ್ತು! ಅದಕ್ಕೆ ಅಲಾರಂ ಬೇರೆ! ಮರವೇನು ಎದ್ದು ಓಡುತ್ತಾ? ಇಲ್ಲ. ಹಣ್ಣು ಕದ್ದರೂ ಚಿಂತೆಯಿಲ್ಲ, ಬೀಜದಿಂದ ಅದೇ ತಳಿ ಹುಟ್ಟಲ್ಲವಲ್ಲ. ಭಯ ಇದ್ದಿದ್ದು ರೆಂಬೆಗೆ. ಪೆನ್ಸಿಲ್ ದಪ್ಪದ ಒಂದು ಕಡ್ಡಿ ಜೇಬಲ್ಲಿಟ್ಕೊಂಡು ಹೋದ್ರೆ ಸಾಕು, ಕಸಿ ಕಟ್ಟಿ ತೋಪನ್ನೇ ಎಬ್ಬಿಸಬಹುದು. ಆ ಮರದ ತಳಿಯೇ ಗೋಲ್ಡನ್ ಡೆಲಿಶಸ್. ಗಾಲಾ, ಜೋನಾಗೋಲ್ಡ್ ಅನ್ನೋ ಸೇಬಿನ ತಳಿಗಳೆರಡೂ ಇದರ ಮಕ್ಕಳು.

ಸರಿ, ಬೇಲಿ ಪಕ್ಕ ಹೆಸರಿಲ್ಲದ ಸೇಬಿನ ಮರ ಸಿಕ್ತು ಅಂತಿಟ್ಕೊಳ್ಳಿ. ತಕ್ಷಣ ಕಚ್ಚಿ ತೀರ್ಪು ಕೊಡಬೇಡಿ. ನನ್ನ ಪ್ರಕಾರ ಒಳ್ಳೆ ಸೇಬು ಕೈತಪ್ಪೋದೇ ಇಲ್ಲಿ: ತಪ್ಪಾದ ದಿನ ತಿಂದು.

(ಪರದೆಯಲ್ಲಿ: ಅಯೋಡಿನ್ ಬಟ್ಟಲು)

ಹಣ್ಣನ್ನ ಅಡ್ಡ ಕೊಯ್ದು, ಕೊಯ್ದ ಮುಖವನ್ನ ಅಯೋಡಿನ್ ದ್ರಾವಣದಲ್ಲಿ ಅದ್ದಿ ಒಂದು ನಿಮಿಷ ಬಿಡಿ. ಪೂರ್ತಿ ಕಪ್ಪಾಯ್ತಾ? ಪಿಷ್ಟ ಇನ್ನೂ ಸಕ್ಕರೆಯಾಗಿಲ್ಲ, ಕಾಯಿ. ನಡುವಿಂದ ಬಿಳಿ ಹರಡ್ತಿದ್ರೆ ಮಾಗ್ತಿದೆ. ಅದ್ದಿದ್ದನ್ನ ಎಸೀರಿ, ತಿನ್ನಬೇಡಿ. ಇನ್ನೊಂದು ವಿಷಯ. ತಡವಾಗಿ ಮಾಗೋ ತಳಿಗಳು ಕಿತ್ತ ದಿನ ಕಲ್ಲು, ಬರೀ ಹುಳಿ. ಪರಿಮಳ ಬರೋದು ವಾರಗಟ್ಟಲೆ ಇಟ್ಟ ಮೇಲೆ. ಹತ್ತು ಹಣ್ಣು ತಣ್ಣಗಿರೋ ಕಡೆ ಇಟ್ಟು ವಾರಕ್ಕೊಂದು ತಿನ್ನಿ. ಫ್ರಿಜ್‌ನಿಂದ ತೆಗೆದ ಕೂಡಲೇ ಅಲ್ಲ, ತಣ್ಣಗಿದ್ರೆ ವಾಸನೆ ಏಳಲ್ಲ.

ಟೈಮ್ ಆಗ್ತಿದೆ, ಕಸಿ ಬೇಗ ಬೇಗ. ಚಳಿಗಾಲದ ಕೊನೆಗೆ, ಮೊಗ್ಗು ಒಡೆಯೋ ಮುಂಚೆ ಹಿಂದಿನ ವರ್ಷದ ಚಿಗುರಿನಿಂದ ಕಡ್ಡಿ ಕತ್ತರಿಸಿ. ಒದ್ದೆ ಬಟ್ಟೆ ಸುತ್ತಿ ಪ್ಲಾಸ್ಟಿಕ್ ಕವರಲ್ಲಿ ಹಾಕಿ ಫ್ರಿಜ್‌ನಲ್ಲಿಡಿ. ಪಕ್ಕದಲ್ಲಿ ಹಣ್ಣು ಬೇಡ, ಅದು ಬಿಡೋ ಎಥಿಲೀನ್ ಅನಿಲ ಮೊಗ್ಗು ಕೊಲ್ಲುತ್ತೆ. ವಸಂತದಲ್ಲಿ ಕಡ್ಡಿಯನ್ನ ಬೇರುಸಸಿಗೆ, ಅಂದ್ರೆ ಬೇರು ಕೊಡೋ ಬುಡದ ಗಿಡಕ್ಕೆ, ಕೂಡಿಸುವಾಗ ಎರಡರ ತೊಗಟೆ ಕೆಳಗಿನ ಹಸಿರು ಪದರ ಒಂದು ಬದಿಯಲ್ಲಾದ್ರೂ ಪದರಕ್ಕೆ ಪದರ ಕೂತಿರಬೇಕು. ಕೂರಲಿಲ್ಲವಾ, ಗಾಳಿಗೆ ಒಣಗಿತಾ, ಕಡ್ಡಿ ಸತ್ತಂತೆ. ಬಿಗಿಯಾಗಿ ಟೇಪ್ ಸುತ್ತಿ. ಚಿಗುರು ಬಲಿತ ಮೇಲೆ ಬಿಚ್ಚೋದು ಮರೀಬೇಡಿ, ಕಾಂಡ ದಪ್ಪ ಆಗ್ತಿದ್ದ ಹಾಗೆ ಅದೇ ಟೇಪ್ ಕುತ್ತಿಗೆ ಹಿಸುಕುತ್ತೆ.