ಐದು ಜನರ ಬ್ಯಾಂಡಿಗೆ ಮರಳಿದ ರಾಯ್ ಹಾರ್ಗ್ರೋವ್

ಕೇಳುಗರಿಗೆಲ್ಲ ನಮಸ್ಕಾರ. ಇವತ್ತು ನನಗೆ ತುಂಬಾ ಇಷ್ಟವಾದ ಒಂದು ಜಾಝ್ ಆಲ್ಬಮ್ ಬಗ್ಗೆ ಮಾತಾಡಬೇಕು. ಹೆಸರು ಇಯರ್‌ಫುಡ್. ಕಿವಿಗೆ ಊಟ ಅಂತ ಇಟ್ಟುಕೊಳ್ಳಿ. 2008ರಲ್ಲಿ ಬಂತು. ನುಡಿಸಿದವರು ಅಮೆರಿಕದ ಟ್ರಂಪೆಟ್ ವಾದಕ ರಾಯ್ ಹಾರ್ಗ್ರೋವ್. ಎಷ್ಟು ಸಲ ಕೇಳಿದ್ದೇನೋ ಲೆಕ್ಕ ಇಟ್ಟಿಲ್ಲ. ಆದರೆ ಇದನ್ನು ಹಾಕುವ ಮೊದಲು ಐದು ವರ್ಷ ಹಿಂದಿನ ಅವರ ಇನ್ನೊಂದು ಆಲ್ಬಮ್ ಕೇಳಬೇಕು. ಇಲ್ಲದಿದ್ದರೆ ಅವರು ಎಲ್ಲಿಗೆ ಹೋಗಿ ಬಂದರು ಅನ್ನುವುದೇ ಗೊತ್ತಾಗುವುದಿಲ್ಲ.

ಅದರ ಹೆಸರು ಹಾರ್ಡ್ ಗ್ರೂವ್. 2003ರದ್ದು. ಬ್ಯಾಂಡಿನ ಹೆಸರು ಆರ್ ಎಚ್ ಫ್ಯಾಕ್ಟರ್. ಅದರಲ್ಲಿ ಎಲೆಕ್ಟ್ರಿಕ್ ಬೇಸ್, ಗಿಟಾರ್, ಕೀಬೋರ್ಡ್ ಎಲ್ಲಾ ಇವೆ, ಡಿ ಆಂಜೆಲೊ, ಎರಿಕಾ ಬಾಡು, ಕಾಮನ್ ಥರದ ದೊಡ್ಡ ದೊಡ್ಡ ಹಾಡುಗಾರರು ಮತ್ತು ರ‍್ಯಾಪರ್‌ಗಳು ಬಂದು ಹೋಗುತ್ತಾರೆ, ಇಷ್ಟೆಲ್ಲದರ ಮಧ್ಯೆ ಎಲ್ಲೋ ಟ್ರಂಪೆಟ್ ಇಣುಕುತ್ತದೆ. ಫಂಕ್, ಸೋಲ್, ಹಿಪ್‌ಹಾಪ್ ಎಲ್ಲಾ ಸೇರಿದ ಸಂಗೀತ ಅದು. ಸುಮ್ನೆ ಫ್ಯಾಷನ್‌ಗೆ ಅಂತ ಅವರು ಆ ಕಡೆ ಹೋದದ್ದಲ್ಲ. 2000ದಲ್ಲೇ ಡಿ ಆಂಜೆಲೊ ಅವರ ವೂಡೂ ಆಲ್ಬಮ್ಮಿಗೆ ಟ್ರಂಪೆಟ್ ನುಡಿಸಿದ್ದರು. ಎರಿಕಾ ಬಾಡು ಓದಿದ್ದೂ ಇವರು ಓದಿದ್ದೂ ಡಲ್ಲಾಸ್‌ನ ಒಂದೇ ಕಲಾ ಶಾಲೆಯಲ್ಲಿ. ಅದೂ ಅವರ ಮನೆಯ ಸಂಗೀತವೇ.

ಆದರೆ ಶುರು ಮಾಡಿದ್ದು ಅಲ್ಲಿಂದಲ್ಲ. 1969ರಲ್ಲಿ ಟೆಕ್ಸಸ್‌ನ ವೇಕೋ ಊರಲ್ಲಿ ಹುಟ್ಟಿ ಡಲ್ಲಾಸ್‌ನಲ್ಲಿ ಬೆಳೆದ ಹುಡುಗ. ಇನ್ನೂ ಹೈಸ್ಕೂಲಲ್ಲಿ ಇದ್ದಾಗಲೇ ಹೆಸರಾಂತ ಟ್ರಂಪೆಟ್ ವಾದಕ ವಿಂಟನ್ ಮಾರ್ಸಾಲಿಸ್ ಕಣ್ಣಿಗೆ ಬಿದ್ದರು. 1990ರಲ್ಲಿ ಮೊದಲ ಆಲ್ಬಮ್. ಅದೆಲ್ಲ ಅಪ್ಪಟ ಅಕೌಸ್ಟಿಕ್ ಜಾಝ್, ಅಂದರೆ ಎಲೆಕ್ಟ್ರಿಕ್ ವಾದ್ಯಗಳಿಲ್ಲದ್ದು. ಆಮೇಲೆ ಕ್ಯೂಬಾದ ಸಂಗೀತಗಾರರ ಜೊತೆ ಸೇರಿ ಹಬಾನಾ ಅಂತ ಮಾಡಿದರು, ಅದಕ್ಕೆ ಗ್ರ್ಯಾಮಿ ಬಂತು. ಒಂದೇ ಕಡೆ ಕೂರುವ ಜೀವ ಅಲ್ಲ ಅದು.

2006ರಲ್ಲಿ ಅವರು ಎರಡು ಆಲ್ಬಮ್ ಒಟ್ಟಿಗೇ ಹೊರಗೆ ಬಿಟ್ಟರು. ಒಂದು ಆರ್ ಎಚ್ ಫ್ಯಾಕ್ಟರ್‌ದು, ಇನ್ನೊಂದು ಅಕೌಸ್ಟಿಕ್ ಬ್ಯಾಂಡಿನದು. ಎರಡೂ ಕೈಯಲ್ಲಿ ಎರಡು ಹಿಡಿದುಕೊಂಡಂತೆ. ಎರಡು ವರ್ಷ ಕಳೆದು ಇಯರ್‌ಫುಡ್ ಬಂದಾಗ ಒಂದೇ ಉಳಿದಿತ್ತು: ಐದು ಜನ, ಐದು ವಾದ್ಯ. ರಾಯ್ ಟ್ರಂಪೆಟ್. ಜಸ್ಟಿನ್ ರಾಬಿನ್ಸನ್ ಆಲ್ಟೊ ಸ್ಯಾಕ್ಸೊಫೋನ್. ಪಿಯಾನೊಗೆ ಜೆರಾಲ್ಡ್ ಕ್ಲೇಟನ್, ಆಗಿನ್ನೂ ಇಪ್ಪತ್ತರ ಹರೆಯದ ಹುಡುಗ. ಡ್ಯಾಂಟನ್ ಬೋಲರ್ ನಿಂತು ನುಡಿಸುವ ಆ ದೊಡ್ಡ ಮರದ ಬೇಸ್. ಮಾಂಟೆಜ್ ಕೋಲ್ಮನ್ ಡ್ರಮ್ಸ್.

ಇಷ್ಟು ಕಮ್ಮಿ ಜನ ಇದ್ದಾಗ ಏನಾಗುತ್ತದೆ ಗೊತ್ತಾ? ಯಾರಿಗೂ ಬಚ್ಚಿಟ್ಟುಕೊಳ್ಳಲು ಜಾಗ ಇರುವುದಿಲ್ಲ. ದೊಡ್ಡ ಎಲೆಕ್ಟ್ರಿಕ್ ಬ್ಯಾಂಡಿನಲ್ಲಿ ಟ್ರಂಪೆಟ್ ಒಂದು ಗಳಿಗೆ ಸುಮ್ಮನಿದ್ದರೂ ಆ ಜಾಗವನ್ನು ಇನ್ಯಾವುದೋ ವಾದ್ಯ ತುಂಬಿಬಿಡುತ್ತದೆ. ಇಲ್ಲಿ ಹಾಗಲ್ಲ. ಸುಮ್ಮನಾದರೆ ಸುಮ್ಮನಾದದ್ದು ಕೇಳಿಸುತ್ತದೆ. ಉಸಿರು ತೆಗೆದುಕೊಂಡದ್ದು ಕೇಳಿಸುತ್ತದೆ. ಟ್ರಂಪೆಟ್‌ಗೆ ಇರುವುದು ಮೂರೇ ಗುಂಡಿ, ಮಿಕ್ಕಿದ್ದೆಲ್ಲ ತುಟಿ ಮತ್ತು ಉಸಿರಿನ ಕೆಲಸ, ಹಾಗಾಗಿ ನುಡಿಸುವವನ ಮೈ ಹೇಗಿದೆ, ಮನಸ್ಸು ಹೇಗಿದೆ, ಎರಡೂ ಆ ನಾದದಲ್ಲಿ ಬಂದುಬಿಡುತ್ತದೆ.

ಈ ಆಲ್ಬಮ್ಮಿನ ಮೂರನೇ ಟ್ರ್ಯಾಕ್ ಸ್ಟ್ರಾಸ್‌ಬೂರ್ ಸಾನ್ ದೆನಿ. ಪ್ಯಾರಿಸ್‌ನ ಒಂದು ಮೆಟ್ರೋ ನಿಲ್ದಾಣದ ಹೆಸರು. ರಾಯ್ ಅವರೇ ಬರೆದದ್ದು. ಬೇಸ್ ಒಂದು ಸಣ್ಣ ಸಾಲು ಹಿಡಿದು ಸುತ್ತಲು ಶುರು ಮಾಡುತ್ತದೆ, ಮತ್ತೆ ಮತ್ತೆ ಅದೇ ಸಾಲು, ಡ್ರಮ್ಸ್ ಅದಕ್ಕೆ ಒತ್ತು ಕೊಡುತ್ತದೆ, ನಿಮ್ಮ ಕಾಲು ತಾನಾಗಿ ತಾಳ ಹಾಕಲು ಶುರುವಾಗಿರುತ್ತದೆ. ಆಮೇಲೆ ಟ್ರಂಪೆಟ್ ಸ್ಯಾಕ್ಸೊಫೋನ್ ಎರಡೂ ಸೇರಿ ರಾಗ ಎತ್ತುತ್ತವೆ. ಎಷ್ಟು ಸರಳ ರಾಗ ಅಂದರೆ ಎರಡನೇ ಸಲಕ್ಕೆ ನೀವೂ ಗುನುಗಬಹುದು. ತುಂಡು ತುಂಡು ಮಾತು, ಮಧ್ಯೆ ಬಿಡುವು, ಮತ್ತೆ ಮಾತು. ಅವರ ಸೋಲೋ ಕೂಡ ಹಾಗೇ. ಓಡುವುದಿಲ್ಲ. ಒಂದು ಮಾತು ಹೇಳಿ, ನಿಂತು, ಆ ಮಾತು ಕೆಳಗಿನ ಲಯದ ಮೇಲೆ ಎಲ್ಲಿ ಕೂತಿತು ಅಂತ ನೋಡಿ, ಆಮೇಲೆ ಮುಂದಿನದು.

ಈಗ ಯೋಚನೆ ಮಾಡಿ, ಆ ಬೇಸಿನ ಸಾಲು ಎಲ್ಲಿಂದ ಬಂತು? ಸಾಂಪ್ರದಾಯಿಕ ಜಾಝ್‌ನಲ್ಲಿ ಒಂದೊಂದು ತಾಳಕ್ಕೆ ಒಂದೊಂದು ಸ್ವರ ಇಡುತ್ತಾ ಹೆಜ್ಜೆ ಹಾಕಿದಂತೆ ನಡೆಯುವ ಬೇಸ್ ಅಲ್ಲ ಅದು. ಫಂಕ್‌ನದು. ಮರದ ಬೇಸಿನ ಮೇಲೆ, ವೈರು ಪ್ಲಗ್ಗು ಯಾವುದೂ ಇಲ್ಲದೆ, ಹಾರ್ಡ್ ಗ್ರೂವ್‌ನ ಲಯ! ನನಗೆ ಇದು ಹೊಳೆದ ದಿನ ಆಲ್ಬಮ್ಮನ್ನು ಮತ್ತೆ ಮೊದಲಿಂದ ಹಾಕಿಕೊಂಡು ಕೇಳಿದೆ. ಎಲೆಕ್ಟ್ರಿಕ್ ಬಿಟ್ಟು ಅಕೌಸ್ಟಿಕ್‌ಗೆ ಬಂದವರನ್ನು ಹಿಂದಕ್ಕೆ ಹೋದರು, ದಾರಿ ತಪ್ಪಿದ್ದು ಸರಿಯಾಯಿತು ಅಂತ ಮಾತಾಡುವುದುಂಟು. ನಾನು ಅದನ್ನು ಒಪ್ಪುವುದಿಲ್ಲ. ಅಲ್ಲಿ ಕಲಿತದ್ದನ್ನೆಲ್ಲ ಕಟ್ಟಿಕೊಂಡೇ ಬಂದಿದ್ದಾರೆ ಅವರು. ಆರ್ ಎಚ್ ಫ್ಯಾಕ್ಟರ್ ಇಲ್ಲದೆ ಈ ರಾಗ ಹುಟ್ಟುತ್ತಿರಲಿಲ್ಲ ಅಂತಲೇ ನನ್ನ ನಂಬಿಕೆ. ಇವತ್ತು ಯಾವ ದೇಶದ ಜಾಝ್ ಕ್ಲಬ್ಬಿಗೆ ಹೋದರೂ ಜಾಮ್ ಸೆಷನ್‌ನಲ್ಲಿ, ಅಂದರೆ ಬಂದವರೆಲ್ಲ ಸೇರಿ ತಯಾರಿ ಇಲ್ಲದೆ ನುಡಿಸುವ ಕೂಟದಲ್ಲಿ, ಹುಡುಗರು ಇದನ್ನು ನುಡಿಸುತ್ತಾರೆ. ಈ ಶತಮಾನದಲ್ಲಿ ಬರೆದ ಜಾಝ್ ರಾಗಗಳಲ್ಲಿ ಅಂಥ ಭಾಗ್ಯ ಎಷ್ಟಕ್ಕೆ ಸಿಕ್ಕಿದೆ ಹೇಳಿ?

ಇನ್ನೊಂದು ಟ್ರ್ಯಾಕ್ ಇದೆ, ಸ್ಪೀಕ್ ಲೋ. ಕುರ್ಟ್ ವೈಲ್ ಅವರ ಹಳೆಯ ಹಾಡು. ಅಲ್ಲಿ ರಾಯ್ ಟ್ರಂಪೆಟ್ ಕೆಳಗಿಟ್ಟು ಫ್ಲೂಗಲ್‌ಹಾರ್ನ್ ಎತ್ತಿಕೊಳ್ಳುತ್ತಾರೆ. ಅದು ಟ್ರಂಪೆಟ್‌ನ ಅಕ್ಕನಂಥ ವಾದ್ಯ, ಕೊಳವೆ ಅಗಲ, ದನಿ ಮೆತ್ತಗೆ. ನಿಧಾನ ಗತಿ. ಸ್ವರ ಮುಗಿಯುವ ಕಡೆ ಬರೀ ಗಾಳಿ ಉಳಿಯುತ್ತದೆ ನೋಡಿ, ಅದನ್ನು ಕೇಳಬೇಕಾದರೆ ರಾತ್ರಿ ಫ್ಯಾನ್ ಕೂಡ ಆರಿಸಿ ಕೂರಬೇಕು. ನಾನು ಹಾಗೇ ಕೇಳುವುದು.

ಆ ಉಸಿರಿಗೆ ಕಷ್ಟವೂ ಇತ್ತು. ರಾಯ್‌ಗೆ ಕಿಡ್ನಿ ಕಾಯಿಲೆ, ವರ್ಷಗಟ್ಟಲೆ ಡಯಾಲಿಸಿಸ್. ಹಾಗಿದ್ದೂ ನ್ಯೂಯಾರ್ಕಿನ ಸ್ಮಾಲ್ಸ್ ಅನ್ನುವ ಪುಟ್ಟ ಕ್ಲಬ್ಬಿಗೆ ಅಪರಾತ್ರಿಯಲ್ಲಿ ಹೋಗಿ ಹೆಸರಿಲ್ಲದ ಹುಡುಗರ ಜೊತೆ ನಿಂತು ನುಡಿಸುತ್ತಿದ್ದರು. 2018ರ ನವೆಂಬರ್ 2ರಂದು ತೀರಿಕೊಂಡರು. 49 ವರ್ಷ. ಇದನ್ನು ಹೇಳುವಾಗ ಈಗಲೂ ಸಂಕಟ ಆಗುತ್ತದೆ.

ಅವರು ಹೋದ ಮೇಲೆ, 2021ರಲ್ಲಿ, ಇನ್ ಹಾರ್ಮನಿ ಅಂತ ಒಂದು ಆಲ್ಬಮ್ ಬಂತು. 2006 ಮತ್ತು 2007ರ ಎರಡು ಕಛೇರಿಗಳ ರೆಕಾರ್ಡಿಂಗ್, ಅಂದರೆ ಇಯರ್‌ಫುಡ್‌ಗೆ ಸ್ವಲ್ಪ ಮುಂಚಿನದು. ಅದರಲ್ಲಿ ಐದು ಜನವೂ ಇಲ್ಲ. ಪಿಯಾನೊದಲ್ಲಿ ಮಲ್ಗ್ರೂ ಮಿಲ್ಲರ್, ಪಕ್ಕದಲ್ಲಿ ರಾಯ್, ಅಷ್ಟೇ. ಡ್ರಮ್ಸ್ ಇಲ್ಲ, ಬೇಸ್ ಇಲ್ಲ. ಆದರೂ ಲಯ ಎಲ್ಲೂ ಅಲುಗುವುದಿಲ್ಲ.

ಸರಿ, ಜಾಸ್ತಿ ಮಾತಾಡಿದೆ. ಈಗ ಸ್ಟ್ರಾಸ್‌ಬೂರ್ ಸಾನ್ ದೆನಿ ಕೇಳೋಣ. ರೇಡಿಯೋ ಸೌಂಡ್ ಸ್ವಲ್ಪ ಏರಿಸಿಕೊಳ್ಳಿ. ಬೇಸ್ ಶುರುವಾಗುವ ಹೊತ್ತಿಗೆ ಯಾರೂ ಮಾತಾಡಬೇಡಿ.